ಅಳತೆ ಪುಸ್ತಕದಲ್ಲಿ ಒಂದು ಗುಂಡಿ

ಗುಂಡಿ ತೋಡುತ್ತಿದ್ದವನಿಗೆ ಗುಂಡಿಯೇ ಸಿಕ್ಕಿತು.
ಈ ಮಾತಿಗೆ ನಾನೊಬ್ಬನೇ ನಕ್ಕೆ.
ಅಂದುಂಞಿಯ ಭಾಷೆಯಲ್ಲಿ ಅದು ಕುಡುಕ್ಕ್,
ಕುಣಿಕೆಗೂ ಅದೇ ಹೆಸರು,
ನಗುವಂಥದ್ದೇನೂ ಇಲ್ಲ.

ಶಾರ್ಜಾ ಬಿಟ್ಟು ಬರುವಾಗ ತಂದ ಯಂತ್ರ ಅವನದು:
ಉದ್ದ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಮುಚ್ಚಳ.
ಸಮುದ್ರ ನೋಡಲು ಬಂದವರ ಓಲೆಯೋ ಉಂಗುರವೋ ಬಿದ್ದರೆ
ಉಪ್ಪಳದಿಂದ ಕುಂಬಳೆವರೆಗೆ ಅವನಿಗೇ ಫೋನು.
ಮುರಕಲ್ಲಿನ ನೆಲದಲ್ಲಿ ಅದು ಸುಮ್ಮಸುಮ್ಮನೆ ಕೂಗುತ್ತದಂತೆ,
ಕಲ್ಲಿನ ಹೊಟ್ಟೆಯಲ್ಲೇ ಕಬ್ಬಿಣ.
ಹೊಯಿಗೆಯಲ್ಲಿ ಮಾತ್ರ ನಂಬಬಹುದು.

ಶಿರಿಯದ ಅಳಿವೆಯ ಹತ್ತಿರ
ಯಾರದೋ ಮದುಮಗಳ ಜುಮಕಿ ಹುಡುಕುತ್ತ
ಮೊಣಕೈಯಾಳ ಕೈ ಹಾಕಿದಾಗ
ಇದು.

"ನೀನು ಟೈಲರು. ನಿನಗೆ ಗೊತ್ತಿರಬೇಕು ಮಾರಾಯ."

ನಲವತ್ತೊಂದು ವರ್ಷ ಗುಂಡಿ ಹೊಲಿದವನು ನಾನು,
ಚಿಪ್ಪಿನದು, ಕರಟದ್ದು, ಪ್ಲಾಸ್ಟಿಕ್ಕಿನದು,
ಬ್ಯಾಂಡಿನವರ ಕೋಟಿಗೆ ಚಿನ್ನದ ಬಣ್ಣ ಬಳಿದದ್ದು.
ಹಸಿರುಗಟ್ಟಿದ ಈ ಬಿಲ್ಲೆಯನ್ನು ಕಂಡದ್ದೇ
ನನ್ನವಳು ಹುಣಸೆಹುಳಿ ತರಲು ಎದ್ದಳು. ಬೇಡವೆಂದೆ,
ಹಸಿರಿನ ಜೊತೆ ಅಕ್ಷರವೂ ಹೋದೀತು.
ಎರಡು ದಿನ ತೆಂಗಿನೆಣ್ಣೆಯಲ್ಲಿಟ್ಟು
ಬಟ್ಟೆಗೆ ಗೆರೆಯೆಳೆಯುವ ಸುಣ್ಣದ ಹುಡಿ ಉದುರಿಸಿ
ಹೆಬ್ಬೆರಳಲ್ಲಿ ಮೆಲ್ಲಗೆ ಒರೆಸಿದೆ.

ಒಂದು ಕಿರೀಟ.
ಕೆಳಗೆ ಎರಡು, ಆಮೇಲೆ ಏಳೋ ಒಂದೋ.
ಅಂಚಿಗೆ ಬಾಗಿ ನಿಂತ ಒಂದು ಎಂ, ಒಂದು ಎನ್,
ಉಳಿದದ್ದು ಸವಕಲು.

ಹವಾಲ್ದಾರ್ ಕುಂಞಂಬು ಕನ್ನಡಕ ಏರಿಸಿ,
ಎದೆ ಸೆಟೆಸಿಯೇ ನೋಡಿದರು.
"ಮದ್ರಾಸಿನ ಕಾಲಾಳು ಪಡೆ. ಕಂಪೆನಿ ಸರಕಾರದ ಕಾಲ."
ಒಂದು ಗಳಿಗೆ ನನ್ನ ಅಂಗಡಿಯ ಕನ್ನಡಿಯಲ್ಲಿ
ಕೆಂಪು ಕೋಟಿನವರು ಸಾಲು ನಿಂತರು,
ಹೊಳೆ ದಾಟಲು ದೋಣಿಗೆ ಕಾಯುತ್ತ,
ಉಣ್ಣೆಯೊಳಗೆ ಬೇಯುತ್ತ.
ಈ ಸೆಕೆಗೆ ಯಾರು ಕೊಟ್ಟರಪ್ಪ ಆ ಬಟ್ಟೆ?

ಕೋಝಿಕ್ಕೋಡಿನ ಒಬ್ಬ ಹಳೆ ಸಾಮಾನಿನವನಿಗೆ
ಅಂದುಂಞಿ ಫೋಟೋ ಕಳಿಸಿದ. ಉತ್ತರ ಬಂತು:
ಹಿಂಬದಿ ತೋರಿಸಿ. ಮಾಡಿದವನ ಹೆಸರು ಅಲ್ಲಿರುತ್ತದೆ.
ಹಿಂಬದಿ ನುಣ್ಣಗೆ, ತೊಳೆದ ಹರಿವಾಣದ ಹಾಗೆ.
ಕೊಕ್ಕೆಯೂ ಇಲ್ಲ.
ಕಿರೀಟದ ನೆತ್ತಿಗೆ ಬೇರೆ ಒಂದು ಒಟ್ಟೆ.
ಹಾಳಾದ ಮಾಲು, ಅಂದನಂತೆ. ಬೆಲೆಯಿಲ್ಲ.

ಅಂದುಂಞಿ ಅದನ್ನು ಮೇಜಿನ ಮೇಲೆ ಬಿಟ್ಟು ಹೋದ.
ಜುಮಕಿ ಇನ್ನೂ ಸಿಕ್ಕಿಲ್ಲ, ಮದುವೆಮನೆಯವರ ಕರೆ.

ರಾತ್ರಿ, ಮಿಶಿನಿನ ಸಣ್ಣ ಬಲ್ಬಿನಡಿ ತಿರುಗಿಸಿ ನೋಡಿದೆ.
ಕೊಕ್ಕೆ ಮುರಿದದ್ದಲ್ಲ. ಮುರಿದರೆ ಮುಳ್ಳು ಉಳಿಯುತ್ತದೆ.
ಇದನ್ನು ಯಾರೋ ಕಲ್ಲಿಗೆ ತೇದಿದ್ದಾರೆ,
ಚುಚ್ಚಬಾರದೆಂದು.
ಒಟ್ಟೆ ಮೊಳೆಯಿಂದ ಹೊಡೆದದ್ದು,
ಮೇಲಂಚು ಮಾತ್ರ ಉದ್ದಕ್ಕೆ ಎಳೆದುಕೊಂಡಿದೆ.
ನೂಲಿನ ಹಲ್ಲಿನ ಗುರುತು ನನಗೆ ಗೊತ್ತು,
ಲೋಹವನ್ನೂ ಅದು ತಿನ್ನುತ್ತದೆ, ಆದರೆ ವರ್ಷ ಬೇಕು.
ಮತ್ತೆ ಆ ಹಿಂಬದಿ.
ಬಟ್ಟೆ ಹಾಗೆ ಸವೆಸುವುದಿಲ್ಲ.
ಚರ್ಮ ಸವೆಸುತ್ತದೆ, ಬೆವರು, ಎಣ್ಣೆಸ್ನಾನ,
ಅಂಬೆಗಾಲು.

ಉಡಿದಾರ.

ಒಬ್ಬನಲ್ಲ, ಮೂರು ನಾಲ್ಕು ಮಕ್ಕಳಾದರೂ ಇರಬೇಕು,
ಒಂದರ ನಡುವಿನಿಂದ ಇನ್ನೊಂದರ ನಡುವಿಗೆ.
ಕಂಪೆನಿಯ ಹೆಸರನ್ನು
ಹೊಟ್ಟೆಗಳು ಅಳಿಸಿದ್ದು.
ಸಿಪಾಯಿ ತಂದು ಕೊಟ್ಟನೋ,
ಅವನ ಕೋಟು ಮಾತ್ರ ಮನೆಗೆ ಬಂತೋ,
ದಾರಿಯಲ್ಲಿ ಬಿದ್ದದ್ದನ್ನು ಯಾವಳೋ ಹೆಕ್ಕಿದಳೋ,
ಅದನ್ನು ಕೇಳಲು ಇದರ ಯಾವ ಬದಿಯನ್ನು ತಿರುಗಿಸಲಿ?

ಅಳತೆ ಪುಸ್ತಕ ತೆರೆದೆ.
ಹೆಸರು: ಖಾಲಿ ಬಿಟ್ಟೆ.
ಎದೆ: ಗೊತ್ತಿಲ್ಲ.
ನಡು: ಹದಿನೆಂಟು ಇಂಚು,
ಅಂದಾಜು.